ಹಗಲು ದಿಬ್ಬಣದ ಗ್ಯಾಸ್‌ಲೈಟು

ನನಗೆ ರಿಪೇರಿ ಕೆಲಸ ಬರುವುದಿಲ್ಲ ಎಂಬ ಸಂಗತಿ ನನ್ನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಬಹಳ ಹಿಂದೆಯೇ ಗೊತ್ತಿತ್ತು. ಇದರಲ್ಲಿ ತಪ್ಪು ನನ್ನದೊಂದೇ ಅಲ್ಲ, ನನ್ನ ಅಂಗಡಿಯದೂ ಇದೆ. ಕುಂದಾಪುರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡು ಇಪ್ಪತ್ತೈದು ವರ್ಷವಾಯಿತು. ಮೀನು ಮಾರುವವಳನ್ನು ನಿನಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬಲ್ಬು, ವಯರು, ಫ್ಯಾನು ಮಾರುವವನಿಗೆ ಮಾತ್ರ ಅವುಗಳ ಹೊಟ್ಟೆಯೊಳಗಿನ ವಿಚಾರವೆಲ್ಲ ಗೊತ್ತಿರಲೇಬೇಕು ಎಂದು ಊರು ತೀರ್ಮಾನ ಮಾಡಿಬಿಡುತ್ತದೆ. ಹತ್ತು ಜನ ಹೇಳಿದ ಮೇಲೆ ನನಗೂ ನನ್ನ ಕೈಗುಣದ ಮೇಲೆ ನಂಬಿಕೆ ಬಂತು. ಆ ನಂಬಿಕೆಯಲ್ಲಿ ಒಮ್ಮೆ ನಮ್ಮ ಮನೆಯ ಮಿಕ್ಸಿಯನ್ನು ಬಿಚ್ಚಿ ಜೋಡಿಸಿದೆ. ಅದು ಸ್ವಿಚ್ಚು ಹಾಕಿದರೆ ಸುಮ್ಮನಿದ್ದು, ಆರಿಸಿದ ಮೇಲೆ ತಿರುಗಲು ಕಲಿತುಕೊಂಡಿತು. ಇಸ್ತ್ರಿಪೆಟ್ಟಿಗೆಯ ವಿಷಯ ಇಲ್ಲಿ ಬೇಡ, ಅದರಲ್ಲಿ ನನ್ನ ಅತ್ತೆಯವರ ರೇಷ್ಮೆ ಸೀರೆಯ ಪ್ರಸ್ತಾಪ ಬರುತ್ತದೆ. ಹೆಂಡತಿ ಸುಮತಿ ನೆರೆಮನೆಯವರ ಹತ್ತಿರ, "ಹಾಳಾದ್ ಸಾಮಾನ್ ಮನೆಯೊಳ್ಗ್ ಇದ್ರೆ ಅಡ್ಡಿಲ್ಲೆ ಮಾರ್ರೆ, ಇವ್ರ್ ಸಮ ಮಾಡಿದ್ದ್ ಇಪ್ಪುಕಾಗ" ಎಂದು ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇಂಥ ಸುಮತಿಯೇ ತನ್ನ ತವರಿನ ಚಾವಡಿಯಲ್ಲಿ ಕುಳಿತು, ಎಂಟು ಜನರ ಎದುರು, "ನಮ್ಮನೆಯವ್ರಿಗೆ ಬಪ್ಪುದಿಲ್ಲದ್ ಕೆಲ್ಸವೇ ಇಲ್ಲೆ" ಎಂದು ಹೇಳಿದಳು ಎಂದರೆ ನೀವು ನಂಬಬೇಕು. ತವರುಮನೆಯ ನೀರು ಕುಡಿದ ಕೂಡಲೇ ಹೆಂಗಸರಿಗೆ ಗಂಡನ ಗುಣಗಳು ಕಾಣಲು ಶುರುವಾಗುತ್ತವೆ. ಆ ನೀರನ್ನು ಕ್ಯಾನಿನಲ್ಲಿ ತುಂಬಿ ಕುಂದಾಪುರಕ್ಕೆ ತರುವ ವ್ಯವಸ್ಥೆಯೊಂದು ಇದ್ದಿದ್ದರೆ ನನ್ನಂಥ ಎಷ್ಟೋ ಜನರ ಸಂಸಾರ ಸುಧಾರಿಸುತ್ತಿತ್ತು.

ತವರುಮನೆ ಇರುವುದು ವಂಡ್ಸೆಯಲ್ಲಿ. ಅಲ್ಲಿಯ ಯಜಮಾನರು ಸುಮತಿಯ ಅಪ್ಪನ ಅಣ್ಣ. ಅವಳಿಗೆ ದೊಡ್ಡಪ್ಪಯ್ಯ, ನನಗೆ ದೊಡ್ಡ ಮಾವ. ಎಂಬತ್ತೆರಡು ವರ್ಷ. ಬೆನ್ನು ಇನ್ನೂ ಬಾಗಿಲ್ಲ, ಮಾತೂ ಬಾಗಿಲ್ಲ. ಕರೆಂಟು ಬರುವ ಮೊದಲು ಆ ಸುತ್ತಿನಲ್ಲಿ ಗ್ಯಾಸ್‌ಲೈಟು ಇದ್ದದ್ದು ಇವರೊಬ್ಬರ ಮನೆಯಲ್ಲಿ. ಈಗಿನವರು ಗ್ಯಾಸ್‌ಲೈಟು ಕಂಡಿರಲಿಕ್ಕಿಲ್ಲ. ಹಿತ್ತಾಳೆಯ ಗುಂಡನೆಯ ಹೊಟ್ಟೆ, ಅದರೊಳಗೆ ಚಿಮಿಣಿ ಎಣ್ಣೆ ಎಂದರೆ ಸೀಮೆಎಣ್ಣೆ, ಪಕ್ಕದಲ್ಲಿ ಗಾಳಿ ಹಾಕುವ ಪಂಪು, ಮೇಲೆ ಗಾಜು, ಗಾಜಿನೊಳಗೆ ಬೆರಳ ತುದಿಯಷ್ಟು ಬಟ್ಟೆಯ ಚೀಲ. ಆ ಚೀಲಕ್ಕೆ ಮ್ಯಾಂಟಲ್ ಎನ್ನುತ್ತಾರೆ. ಗಾಳಿ ಹಾಕಿ ಹೊತ್ತಿಸಿದರೆ ಸುಂಯ್ ಎಂದು ಸದ್ದು ಮಾಡುತ್ತ ಅಂಗಳವಿಡೀ ಬೆಳ್ಳಗೆ ಮಾಡುತ್ತದೆ. ಮದುವೆಯಿರಲಿ, ಯಕ್ಷಗಾನದ ಆಟವಿರಲಿ, ಲೈಟು ಬೇಕಾದವರು ಬಂದು ದೊಡ್ಡ ಮಾವನನ್ನು ಕರೆಯಬೇಕಿತ್ತು. ಲೈಟನ್ನು ಬೇರೆ ಕೈಗೆ ಕೊಡುವ ಕ್ರಮವೇ ಇರಲಿಲ್ಲ. ಅವರೇ ಹೊತ್ತಿಸಿ, ಅವರೇ ಹಿಡಿದು, ಅವರೇ ಗಾಳಿ ಹಾಕುವುದು. ಊಟಕ್ಕೆ ಮೊದಲ ಎಲೆ ಲೈಟು ತಂದವರಿಗೆ. ಮದುಮಗನಾದರೂ ಎರಡನೆಯ ಎಲೆಗೇ ಕೂರಬೇಕು.

ಅವರ ಮನೆತನದಲ್ಲಿ ಇನ್ನೊಂದು ಶಾಸ್ತ್ರವಿದೆ. ಗಂಡಿನ ದಿಬ್ಬಣ ಹೊರಟಿತೆಂದರೆ ಮುಂದೆ ಗ್ಯಾಸ್‌ಲೈಟು ಹೋಗಬೇಕು. ರಾತ್ರಿಯ ಮದುವೆಗೆ ಮಾತ್ರವಲ್ಲ, ಹಗಲಿನ ಮದುವೆಗೂ. ಹೆಣ್ಣಿನ ಕಡೆಯವರು ಎದುರುಗೊಂಡು ಲೈಟಿಗೆ ಮೊದಲು ವೀಳ್ಯ ಕೊಡಬೇಕು. ಮೆಟ್ಟಿಲು ಹತ್ತುವ ಮೊದಲು ಲೈಟು ಆರಿತೋ, ದಿಬ್ಬಣ ಹೊರಟ ಜಾಗಕ್ಕೇ ವಾಪಸು ಹೋಗಿ ಮತ್ತೆ ಹೊತ್ತಿಸಿಕೊಂಡು ಬರಬೇಕು. ಮುಹೂರ್ತ ಮೀರಿದರೆ ಮೀರಲಿ, ಇದಕ್ಕೆ ಮಾಫಿ ಇಲ್ಲ.

ಈಗ ನನ್ನ ಪಾಪವನ್ನು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮದುವೆಯಾದದ್ದು ಅದೇ ವಂಡ್ಸೆಯ ಅಂಗಳದಲ್ಲಿ. ಆಗ ನನ್ನ ಅಂಗಡಿ ಹೊಸದು, ನಾನೂ ಹೊಸಬ. ಹೆಣ್ಣಿನ ಮನೆಯ ಚಪ್ಪರಕ್ಕೆ ಹದಿನಾರು ಟ್ಯೂಬ್‌ಲೈಟು, ಅಡಿಕೆ ಮರಕ್ಕೆಲ್ಲ ಸೀರಿಯಲ್ ಸೆಟ್ಟು, ಬಾಗಿಲಿಗೆ ತಿರುಗುವ ಚಕ್ರದ ಬಲ್ಬು, ಎಲ್ಲ ನಾನೇ ಕಳಿಸಿದ್ದೆ. ಮದುವೆಯ ಸಂಜೆ ದೊಡ್ಡ ಮಾವ ಪದ್ಧತಿಯ ಪ್ರಕಾರ ಗ್ಯಾಸ್‌ಲೈಟು ಹೊತ್ತಿಸಿ ಚಪ್ಪರದ ನಡುವೆ ತೂಗುಹಾಕಿದರು. ಹದಿನಾರು ಟ್ಯೂಬಿನ ನಡುವೆ ಅದು ಮಂಕಾಗಿ ಕಂಡಿತು. ಸಾಲದ್ದಕ್ಕೆ ಒಂದಷ್ಟು ಹುಳು ಬಂದು ಮದುಮಗಳ ಮುಡಿಗೆ ಬೀಳುತ್ತಿದ್ದವು. ಮದುಮಗನ ಗತ್ತಿನಲ್ಲಿ ಕುಳಿತಿದ್ದ ನಾನು, "ಅದನ್ನೊಂದ್ ಆರ್ಸಿ ಮಾರ್ರೆ, ಹುಳ ಬತ್ತ್" ಎಂದೆ. ಯಾರಿಗೆ ಹೇಳುತ್ತಿದ್ದೇನೆಂದು ನೋಡಿಯೂ ಇರಲಿಲ್ಲ. ದೊಡ್ಡ ಮಾವ ಆರಿಸಿದರು. ಅಟ್ಟಕ್ಕೆ ಹಾಕಿದರು. ಅಂದಿನಿಂದ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಮಾತಾಡುವುದಿಲ್ಲ ಎಂದರೆ ಜಗಳವೇನಲ್ಲ. ನಾನು ಹೋದರೆ ಬೆಲ್ಲ ನೀರು ಬರುತ್ತದೆ, ಕೋಳಿ ಕೊಯ್ಯುತ್ತಾರೆ, ಎದುರೇ ಕೂರುತ್ತಾರೆ. ಆದರೆ ನನಗೆ ಹೇಳಬೇಕಾದ್ದನ್ನು ಸುಮತಿಗೆ ಹೇಳುತ್ತಾರೆ. ನಾನು ಮೂರು ಅಡಿ ದೂರದಲ್ಲಿ ಪತ್ರೊಡೆ ತಿನ್ನುತ್ತಿದ್ದರೆ, "ಸುಮತೀ, ನಿನ್ ಗಂಡನಿಗೆ ಇನ್ನೊಂದ್ ಹಾಕ್ಕಂಬುಕ್ ಹೇಳ್" ಎನ್ನುತ್ತಾರೆ. ಸುಮತಿ ನನ್ನತ್ತ ತಿರುಗಿ, "ಇನ್ನೊಂದ್ ಹಾಕ್ಕಂಬುಕ್ ಅಂಬ್ರ್" ಎನ್ನುತ್ತಾಳೆ. ನಾನು ಸುಮತಿಗೆ ಸಾಕು ಎನ್ನುತ್ತೇನೆ. ಅವಳು ದೊಡ್ಡಪ್ಪಯ್ಯನಿಗೆ "ಸಾಕಂಬ್ರ್" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಹೆಂಗಸು ಎಷ್ಟು ಮಾತನ್ನು ಹೀಗೆ ಆಚೆ ಈಚೆ ಹೊತ್ತಿರಬಹುದು, ಲೆಕ್ಕ ಹಾಕಿ.

ದೊಡ್ಡ ಮಾವನ ಮೊಮ್ಮಗನಿಗೆ ಕಿರಿಮಂಜೇಶ್ವರದ ಹೆಣ್ಣು ಗೊತ್ತಾಯಿತು. ಮದುವೆ ಅಲ್ಲಿಯದೇ ಒಂದು ಕಲ್ಯಾಣ ಮಂಟಪದ ಹಾಲಿನಲ್ಲಿ, ಮುಹೂರ್ತ ಮಧ್ಯಾಹ್ನ ಹನ್ನೆರಡರ ಮೇಲೆ. ಮಾತುಕತೆಗೆಂದು ಎಲ್ಲರೂ ವಂಡ್ಸೆಯಲ್ಲಿ ಸೇರಿದ ದಿನ ದೊಡ್ಡ ಮಾವ ಅಟ್ಟದಿಂದ ಗೋಣಿಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿ ನಡುವೆ ಇಟ್ಟರು.

"ಲೈಟ್ ಇಲ್ದೆ ದಿಬ್ಬಣ ಹೊರಡುದಿಲ್ಲ. ಇದ್ ಹೊತ್ಕ್. ನನ್ ಮೊಮ್ಮಗನ ಮದಿಯಂಗ್ ಹೊತ್ತದಿದ್ರೆ, ನಾನ್ ಬಪ್ಪುದಿಲ್ಲೆ" ಎಂದರು.

ಎಲ್ಲರೂ ನೆಲ ನೋಡಿದರು. ಆಗ ಸುಮತಿ, ಮೇಲೆ ಹೇಳಿದ ನೀರಿನ ಪ್ರಭಾವದಲ್ಲಿ, "ನಮ್ಮನೆಯವ್ರ್ ಸಮ ಮಾಡಿ ಕೊಡ್ತ್ರ್ ದೊಡ್ಡಪ್ಪಯ್ಯ" ಎಂದಳು.

ದೊಡ್ಡ ಮಾವ ನನ್ನನ್ನು ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಆರ್ಸದವನೇ ಹೊತ್ಸಲಿ ಅಂದೇಳಿ ಹೇಳ್" ಎಂದರು.

"ಆರ್ಸದವ್ರೇ ಹೊತ್ಸ್ಕ್ ಅಂಬ್ರ್" ಎಂದಳು ಸುಮತಿ.

ನನಗೆ ಕೇಳಿಸಿತ್ತು. ಕೇಳಿಸಿದ್ದಷ್ಟೇ ಅಲ್ಲ, ಎದೆಗೆ ನಾಟಿತು. ಅಷ್ಟು ವರ್ಷ ಅವರು ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ. ಮುದುಕರ ಏಕೈಕ ಮೊಮ್ಮಗನ ಮದುವೆ. ಅವರು ಬಾರದಿದ್ದರೆ ಅದು ಯಾರ ದೆಸೆಯಿಂದ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಗಂಟನ್ನು ಎತ್ತಿಕೊಂಡು ಸ್ಕೂಟರಿನ ಮುಂದಿಟ್ಟುಕೊಂಡು ಮನೆಗೆ ಬಂದೆ. ಮದುವೆಗೆ ಆರು ವಾರವಿತ್ತು.

ಗೋಣಿ ಬಿಚ್ಚಿದರೆ ಅದು ಲೈಟೋ, ಸಮುದ್ರದ ತಳದಿಂದ ಎತ್ತಿದ ಸಾಮಾನೋ ಎಂದು ತಿಳಿಯದ ಸ್ಥಿತಿ. ಹಿತ್ತಾಳೆ ಹಸಿರಾಗಿತ್ತು. ಪಂಪಿನ ಬಾಯಿಯಲ್ಲಿ ಕಣಜವೊಂದು ಮಣ್ಣಿನ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಖಾಲಿ ಮಾಡಿ ಹೋಗಿತ್ತು. ಮೊದಲಿಗೆ ತೊಳೆದು ಬೆಳಗಬೇಕೆಂದು ಹುಣಸೆಹಣ್ಣು ಹುಡುಕಿದೆ. ಅಡುಗೆಮನೆಯ ಭರಣಿಯಲ್ಲಿ ಸಿಕ್ಕಿತು. ಎರಡು ಗಂಟೆ ಉಜ್ಜಿದ ಮೇಲೆ ಹಿತ್ತಾಳೆ ಮದುಮಗಳ ಹಾಗೆ ಹೊಳೆಯಿತು, ಭರಣಿ ಖಾಲಿಯಾಯಿತು. ಮಧ್ಯಾಹ್ನ ಸುಮತಿ ಬಂಗುಡೆ ಮೀನನ್ನು ಕೊಯ್ದಿಟ್ಟುಕೊಂಡು ಭರಣಿಯನ್ನು ಬಗ್ಗಿಸಿ ನೋಡಿದಳು. "ಹುಳಿಗೆ ಈಗ ಎಂತ ಹಾಕುದ್? ಲೈಟನ್ನೇ ಒಂದ್ ಕುದಿ ಕುದಿಸ್ಲಾ?" ಎಂದು ಕೇಳಿದಳು. ಕುಂದಾಪುರಕ್ಕೆ ಬಂದು ಮೂರು ದಿನವಾಗಿತ್ತು, ನೀರಿನ ಪ್ರಭಾವ ಇಳಿದಿತ್ತು.

ಬಿಚ್ಚುವ ಕೆಲಸದಲ್ಲಿ ನಾನು ಈ ಸಲ ಬಹಳ ಹುಷಾರಿಯಾಗಿದ್ದೆ. ಮಿಕ್ಸಿಯ ಕಾಲದಲ್ಲಿ ಆದ ತಪ್ಪು ಏನೆಂದರೆ ಯಾವ ತುಂಡು ಯಾವುದರ ನಂತರ ಬಂತು ಎಂಬುದನ್ನು ಮರೆತದ್ದು. ಹಾಗಾಗಿ ಇಡ್ಲಿ ತಟ್ಟೆ ತಂದೆ. ಬಿಚ್ಚಿದ ಒಂದೊಂದು ಭಾಗವನ್ನೂ ಸಾಲಾಗಿ ಒಂದೊಂದು ಗುಳಿಯಲ್ಲಿ ಇಡುತ್ತ ಹೋದೆ. ಮೇಲಿನ ತಟ್ಟೆಯಲ್ಲಿ ತಲೆಯ ಭಾಗ, ನಡುವಿನದರಲ್ಲಿ ಪಂಪು, ಕೆಳಗಿನದರಲ್ಲಿ ಕಿವಿ ಮೂಗು ಎಂದು ಹೇಳಲಾಗದ ಸಣ್ಣ ಸಣ್ಣ ತಿರುಪುಗಳು. ಇದನ್ನು ಕಂಡು ನನಗೇ ನನ್ನ ಮೇಲೆ ಗೌರವ ಬಂತು. ಮರುದಿನ ಬೆಳಿಗ್ಗೆ ತಿಂಡಿಗೆ ಇಡ್ಲಿ ಇತ್ತು. ಇಡ್ಲಿ ಮೆತ್ತಗಿದೆ ಎಂದು ಹೊಗಳುತ್ತ ಮೂರನೆಯದಕ್ಕೆ ಕೈ ಹಾಕಿದಾಗ ನನಗೆ ವಿಷಯ ಹೊಳೆಯಿತು. ತುಂಡುಗಳೆಲ್ಲ ಎಲ್ಲಿ ಎಂದು ಕೇಳಿದೆ. "ಒಂದೂ ಬಿಸಾಕ್ಲಿಲ್ಲೆ, ಎಲ್ಲ ಒಂದೇ ಡಬ್ಬಿಯಂಗ್ ಹಾಕ್ ಇಟ್ಟಿದೆ" ಎಂದು ಸುಮತಿ ಬಹಳ ಜವಾಬ್ದಾರಿಯಿಂದ ಹೇಳಿದಳು.

ಅಲ್ಲಿಂದ ಮುಂದೆ ಹದಿನೈದು ದಿನ ನಾನು ಅಂಗಡಿಯ ಗಲ್ಲಾದ ಹಿಂದೆ ಕುಳಿತು ಆ ಡಬ್ಬಿಯೊಡನೆ ಸಂಸಾರ ಮಾಡಿದೆ. ಟ್ಯೂಬ್ ಕೇಳಲು ಬಂದವರು ನಿಂತು ನೋಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಸಲಹೆ. ಎಲ್ಲರ ಅಜ್ಜನ ಮನೆಯಲ್ಲೂ ಇಂಥದ್ದೊಂದು ಇತ್ತಂತೆ, ಎಲ್ಲರೂ ಅದನ್ನು ಗುಜರಿಗೆ ಹಾಕಿದರಂತೆ. ಹಾಕಿದವರಿಗೆ ಜೋಡಿಸುವುದು ಹೇಗೆಂದು ಖಂಡಿತವಾಗಿ ಗೊತ್ತಿತ್ತು. ಕೊನೆಗೆ ಲೈಟು ತನ್ನ ಆಕಾರಕ್ಕೆ ಬಂತು. ಒಂದು ತಿರುಪು ಮಿಕ್ಕಿತು. ಎಷ್ಟೇ ಮರ್ಯಾದಸ್ಥ ಮೆಕ್ಯಾನಿಕ್ಕಿನ ಕೈಯಲ್ಲೂ ಒಂದು ತಿರುಪು ಮಿಕ್ಕುತ್ತದೆ ಎಂದು ಸಮಾಧಾನ ಮಾಡಿಕೊಂಡು ಅದನ್ನು ಕಿಸೆಗೆ ಹಾಕಿಕೊಂಡೆ.

ಇನ್ನುಳಿದದ್ದು ಪಂಪಿನ ವಾಶರು. ಪಂಪಿನ ಕಡ್ಡಿಯ ತುದಿಗೆ ಬಟ್ಟಲಿನ ಆಕಾರದ ಚರ್ಮದ ತುಂಡೊಂದು ಇರುತ್ತದೆ, ಅದು ಮೆತ್ತಗಿದ್ದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಹಳೆಯದು ಪುಡಿಯಾಗಿತ್ತು. ನನ್ನ ಹಳೇ ಚರ್ಮದ ಚಪ್ಪಲಿಯ ಹಿಮ್ಮಡಿಯಿಂದ ಗುಂಡಗೆ ಕತ್ತರಿಸಿದೆ. ಮೆತ್ತಗಾಗಲು ತೆಂಗಿನ ಎಣ್ಣೆಯಲ್ಲಿ ನೆನೆಹಾಕಬೇಕು. ಸಣ್ಣ ಬಟ್ಟಲಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ಚರ್ಮ ಮುಳುಗಿಸಿ, ಇಲಿ ಮುಟ್ಟದಿರಲೆಂದು ಒಲೆಯ ಹತ್ತಿರದ ಗೂಡಿನಲ್ಲಿಟ್ಟೆ. ಎರಡು ದಿನದ ನಂತರ ನೋಡಿದರೆ ಚರ್ಮವಿದೆ, ಎಣ್ಣೆಯಿಲ್ಲ. ಹಿಂದಿನ ದಿನ ಊಟಕ್ಕೆ ಹುರುಳಿ ಸಾರಿತ್ತು, ಅದರ ಒಗ್ಗರಣೆಯ ಪರಿಮಳವನ್ನು ಹೊಗಳಿ ನಾನೇ ಎರಡು ಸಲ ಬಡಿಸಿಕೊಂಡಿದ್ದೆ. ಈ ಚಪ್ಪಲಿ ಹಾಕಿಕೊಂಡು ನಾನು ಆರು ಮಳೆಗಾಲ ಕುಂದಾಪುರದ ಮೀನು ಮಾರುಕಟ್ಟೆಗೆ ಹೋಗಿಬಂದಿದ್ದೇನೆ. ಈ ವಿಷಯವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಬರೆದದ್ದನ್ನು ಸುಮತಿ ಓದುವುದಿಲ್ಲ ಎಂಬ ಧೈರ್ಯದಿಂದ ನಿಮ್ಮಲ್ಲಿ ಹೇಳಿಕೊಂಡೆ.

ಎಣ್ಣೆ ತುಂಬುವ ಮುಚ್ಚಳದ ಕೆಳಗೆ ಗಾಳಿ ಹೊರಹೋಗದಂತೆ ಒಂದು ರಬ್ಬರಿನ ಬಳೆ ಬೇಕಿತ್ತು. ಕುಕ್ಕರಿನ ಹಳೇ ಗ್ಯಾಸ್ಕೆಟ್ಟನ್ನು ಕತ್ತರಿಸಿ ಅದನ್ನೂ ಮಾಡಿದೆ. ಅದು ಹಳೆಯದಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮ್ಯಾಂಟಲ್ ಮಾತ್ರ ನಾನೇ ತಯಾರಿಸುವ ಹಾಗಿರಲಿಲ್ಲ. ಕುಂದಾಪುರದಲ್ಲಿ ಹುಡುಕಿದೆ, ಬೈಂದೂರಿನಲ್ಲಿ ಹುಡುಕಿದೆ. ಕೊನೆಗೆ ಬ್ರಹ್ಮಾವರದ ಹಳೇ ಪಾತ್ರೆ ಅಂಗಡಿಯೊಂದರಲ್ಲಿ ವಯಸ್ಸಾದ ಯಜಮಾನರು ಏಣಿ ಹತ್ತಿ, ಧೂಳಿನೊಳಗೆ ಕೈಯಾಡಿಸಿ ಎರಡು ಪೊಟ್ಟಣ ತೆಗೆದರು. "ಇಪ್ಪುದೇ ಎರಡ್. ಕೇಂಬುಕ್ ಬಂದವ್ರ್ ನೀವೇ ಮೊದ್ಲ್, ಈ ಹತ್ತ್ ವರ್ಷದಂಗೆ" ಎಂದರು. ಆಮೇಲೆ ಯಾವ ಊರು, ಏನು ಕೆಲಸ ಎಂದು ವಿಚಾರಿಸಿದರು. ಕುಂದಾಪುರದಲ್ಲಿ ಎಲೆಕ್ಟ್ರಿಕ್ ಅಂಗಡಿ ಎಂದೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿ, "ಯಾಪಾರ ಅಷ್ಟ್ ಇಳ್ದಿತ್ತಾ?" ಎಂದು ಕೇಳಿದರು.

ಚಿಮಿಣಿ ಎಣ್ಣೆಗೆ ತ್ರಾಸಿಯ ಬಾಬಣ್ಣನೇ ಗತಿ. ನನ್ನ ಶಾಲೆಯ ದಿನಗಳ ಗೆಳೆಯ, ನಾಡದೋಣಿ ಇಟ್ಟುಕೊಂಡವನು. ಅವನ ದೋಣಿಯ ಇಂಜಿನಿಗೆಂದು ಇಟ್ಟದ್ದರಲ್ಲಿ ಒಂದು ಬಾಟಲಿ ಎಣ್ಣೆ ಕೊಟ್ಟ. ಜೊತೆಗೆ ಹೊತ್ತಿಸುವುದು ಹೇಗೆಂದು ನೋಡಲು ತಾನೂ ಬಂದ. ಭಾನುವಾರ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಪರೀಕ್ಷೆ. ಸ್ಪಿರಿಟ್ ಹಾಕಿ ಬೆಂಕಿ ಕೊಟ್ಟೆ, ಗಾಳಿ ಹಾಕಿದೆ. ಹೊತ್ತಿತೋ ಇಲ್ಲವೋ ತಿಳಿಯಲಿಲ್ಲ, ಬಿಸಿಲು ಹಾಗಿತ್ತು. ಸರಿಯಾಗಿ ನೋಡೋಣವೆಂದು ಗಾಜಿನ ಹತ್ತಿರ ಬಗ್ಗಿದೆ. ಭುಗ್ ಎಂದಿತು. ತಲೆಯೆತ್ತಿದಾಗ ಬಾಬಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. "ಲೈಟ್ ಹೊತ್ತಿತ್ ಮಾರಾಯಾ. ನಿನ್ ಎಡದ್ ಹುಬ್ಬ್ ಹೋಯ್ತ್" ಎಂದ.

ಹುಬ್ಬು ಹೋದರೆ ಹೋಗಲಿ, ಲೈಟು ಕಾಲು ಗಂಟೆ ಸುಂಯ್ ಎಂದು ಉರಿಯಿತು. ಬಿಸಿಲಿನಲ್ಲಿ ಬೆಳಕು ಕಾಣಲಿಲ್ಲ, ಸದ್ದು ಕೇಳಿಯೇ ನಂಬಬೇಕು. ನಾನು ಕಣ್ಣು ಮುಚ್ಚಿ ಕೇಳಿದೆ. ಇಪ್ಪತ್ತೈದು ವರ್ಷ ಲೈಟು ಮಾರಿದವನು ಒಂದು ಲೈಟಿಗೆ ಕಿವಿಗೊಟ್ಟು ಕೂತದ್ದು ಅದೇ ಮೊದಲು. ಆರಿಸಿ, ತಣಿದ ಮೇಲೆ, ಆ ಮ್ಯಾಂಟಲ್ ಎಷ್ಟು ಗಟ್ಟಿಯಿದೆ ಎಂದು ಪ್ರೀತಿಯಿಂದ ಬೆರಳು ತಾಗಿಸಿದೆ. ಅದು ಪುಡಿಯಾಗಿ ಉದುರಿತು. ಮ್ಯಾಂಟಲ್ ಒಂದು ಸಲ ಉರಿದ ಮೇಲೆ ಬರೀ ಬೂದಿ, ಆಕಾರ ಮಾತ್ರ ನಿಂತಿರುತ್ತದೆ ಎಂದು ಬಾಬಣ್ಣ ಆಮೇಲೆ ವಿವರಿಸಿದ. "ಇನ್ನೊಂದನ್ನ ಇಲ್ ಸುಡ್ಬೇಡ. ಅಲ್ಲೇ ಹೋಯಿ ಕಟ್ಟ್. ಬಸ್ಸಂಗೆ ಕುಲ್ಕಿದ್ರೆ ಇದೇ ಗತಿ" ಎಂದ.

ಮದುವೆಯ ದಿನ ಬೆಳಿಗ್ಗೆ ಸುಮತಿ ಕಾಡಿಗೆ ಪೆನ್ಸಿಲಿನಲ್ಲಿ ನನಗೊಂದು ಹುಬ್ಬು ಬರೆದುಕೊಟ್ಟಳು. ಅದು ಬಲಗಡೆಯದಕ್ಕಿಂತ ಚಂದವಿತ್ತು. ದಿಬ್ಬಣದ ಬಸ್ಸಿನಲ್ಲಿ ದೊಡ್ಡ ಮಾವ ಮುಂದಿನ ಸೀಟಿನಲ್ಲಿ, ಜರಿ ಶಾಲು ಹೊದ್ದು. ನಾನು ಹಿಂದಿನ ಸೀಟಿನಲ್ಲಿ, ಲೈಟನ್ನು ಬಾಣಂತಿ ಮಗುವನ್ನು ಇಟ್ಟುಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು. ಶಾಸ್ತ್ರದ ಪ್ರಕಾರ ಮನೆಯಿಂದಲೇ ಹೊತ್ತಿಸಿಕೊಂಡು ಹೊರಡಬೇಕಿತ್ತು. ಬಸ್ಸಿನವನು ಒಪ್ಪಲಿಲ್ಲ. ಬಸ್ಸು ಇಳಿದ ಜಾಗವೇ ದಿಬ್ಬಣ ಹೊರಟ ಜಾಗ ಎಂದು ಭಟ್ಟರು ತೀರ್ಪು ಕೊಟ್ಟಿದ್ದರು.

ಹನ್ನೊಂದೂ ಮುಕ್ಕಾಲಿಗೆ ಹೆದ್ದಾರಿಯ ಬದಿಯಲ್ಲಿ ಇಳಿದೆವು. ಹಾಲಿಗೆ ಅಲ್ಲಿಂದ ಇನ್ನೂರು ಹೆಜ್ಜೆ. ಎರಡನೆಯ ಮ್ಯಾಂಟಲ್ ಕಟ್ಟಿ, ದೂರದಿಂದಲೇ ಬೆಂಕಿ ಕೊಟ್ಟು, ಗಾಳಿ ಹಾಕಿದೆ. ಸುಂಯ್ ಎಂದಿತು. ದೊಡ್ಡ ಮಾವ ಕಿವಿ ಇತ್ತ ಮಾಡಿ ಕೇಳಿದರು. "ಸುಮತೀ, ಅಡ್ಡಿಲ್ಲೆ ಅಂದೇಳಿ ಹೇಳ್" ಎಂದರು. ಸುಮತಿ ಹೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಹೊಗೆಗೋ ಏನೋ. ವಾಲಗ ಶುರುವಾಯಿತು. ಮುಂದೆ ನಾನು ಲೈಟು ಹಿಡಿದು, ನನ್ನ ಪಕ್ಕದಲ್ಲಿ ದೊಡ್ಡ ಮಾವ, ಹಿಂದೆ ಮದುಮಗ, ಅವನ ಹಿಂದೆ ಎರಡು ಬಸ್ಸಿನ ಜನ. ಸುಡುವ ಬಿಸಿಲಿನಲ್ಲಿ ಲೈಟು ಹಿಡಿದು ಹೋಗುವವರನ್ನು ಕಂಡು ಹೆದ್ದಾರಿಯಲ್ಲಿ ಲಾರಿಯೊಂದು ನಿಧಾನ ಮಾಡಿತು.

ನೂರು ಹೆಜ್ಜೆಯವರೆಗೆ ನಾನು ರಾಜ. ನೂರಾ ಇಪ್ಪತ್ತಕ್ಕೆ ಕೈಗೆ ಏನೋ ತಣ್ಣಗೆ ಸೋಕಿತು. ನೋಡಿದರೆ ಮುಚ್ಚಳದ ಸುತ್ತ ಎಣ್ಣೆ ಒಸರುತ್ತಿದೆ. ಕುಕ್ಕರಿನ ರಬ್ಬರು ಚಿಮಿಣಿ ಎಣ್ಣೆ ಕುಡಿದು ಉಬ್ಬಿ, ಬಳೆಯಿದ್ದದ್ದು ಹೂವಾಗಿತ್ತು. ಗಾಳಿ ಅಲ್ಲಿಂದ ಹೋಗುತ್ತಿತ್ತು. ನಡೆಯುತ್ತಲೇ ಪಂಪು ಒತ್ತಿದೆ. ಕಡ್ಡಿ ಬೆಣ್ಣೆಗೆ ಬೆರಳು ಹಾಕಿದಂತೆ ಒಳಗೆ ಹೋಯಿತು, ಹಾಗೆಯೇ ಹೊರಗೆ ಬಂತು. ಚಪ್ಪಲಿಯ ವಾಶರು ಕೈಕೊಟ್ಟಿತ್ತು. ನೂರೆಂಬತ್ತನೆಯ ಹೆಜ್ಜೆಗೆ ಲೈಟು ಒಂದು ಸಲ ಬಿಕ್ಕಳಿಸಿ ಆರಿತು.

ಬಿಸಿಲಿಗೆ ಯಾರಿಗೂ ಕಾಣಲಿಲ್ಲ. ವಾಲಗದ ಗದ್ದಲಕ್ಕೆ ಯಾರಿಗೂ ಕೇಳಲಿಲ್ಲ. ಆದರೆ ಗೇಟಿನ ಹತ್ತಿರ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು, ಅಲ್ಲಿಗೆ ಮುಟ್ಟಿದ ಕೂಡಲೇ ವಾಲಗ ನಿಲ್ಲಬೇಕು. ನಿಂತಿತು. ಎಂಥ ನಿಶ್ಶಬ್ದ ಅದು. ಮುಹೂರ್ತಕ್ಕೆ ಹತ್ತೇ ನಿಮಿಷ. ವಾಪಸು ಹೋಗಿ ಹೊತ್ತಿಸೋಣವೆಂದರೆ ಲೈಟಿನಲ್ಲಿ ಗಾಳಿ ನಿಲ್ಲುವುದಿಲ್ಲ. ಇನ್ನೊಮ್ಮೆ ಅವರ ಲೈಟನ್ನು ಆರಿಸಿದವನು ನಾನೇ ಆದೆನಲ್ಲ ಎಂದು ದೊಡ್ಡ ಮಾವನ ಮುಖ ನೋಡಿದೆ. ಅವರಿಗೆ ಗೊತ್ತಾಗಿತ್ತು. ಅವರು ಆರತಿಯ ಕಡೆಗೆ ದೃಷ್ಟಿ ನೆಟ್ಟು, ತುಟಿಗಳನ್ನು ಒಂದು ನಮೂನೆ ಮಾಡಿ, ಹಲ್ಲಿನ ನಡುವಿನಿಂದ ಏನೋ ಸದ್ದು ಹೊರಡಿಸಲು ನೋಡಿದರು. ಫ್ಫು ಫ್ಫು ಎಂದಿತು. ಅವರ ಹಲ್ಲಿನ ಸೆಟ್ಟು ಹೊಸದು, ಸಡಿಲ. ಇನ್ನೊಮ್ಮೆ ನೋಡಿದರು, ಕುಕ್ಕರಿನ ಸೀಟಿಯ ಹಾಗೆ ಬಂತು. ಆರತಿ ಹಿಡಿದ ಹೆಂಗಸು ಸುತ್ತ ನೋಡಿದಳು.

ಆಗ ದೊಡ್ಡ ಮಾವ ನನ್ನ ಕಡೆ ತಿರುಗಿದರು. ಸುಮತಿಯ ಕಡೆಗಲ್ಲ, ನನ್ನ ಕಡೆಗೇ. ಇಪ್ಪತ್ತೆರಡು ವರ್ಷದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಇದು:

"ನಿಮ್ ಹಲ್ಲ್ ಎಲ್ಲ ಇತ್ತಾ?"

"ಇತ್ತ್" ಎಂದೆ.

"ಹಂಗಾರೆ ಸುಂಯ್ ಅನಿ. ಬಾಯಿ ಕಾಂಬುಕಾಗ."

ಅಂದೆ. ಹಲ್ಲು ಕಚ್ಚಿ, ತುಟಿ ಅಲುಗಿಸದೆ, ಹೊಟ್ಟೆಯೊಳಗಿನ ಗಾಳಿಯೆಲ್ಲ ಸೇರಿಸಿ ಸುಂಯ್ ಎಂದೆ. ಹೆಣ್ಣಿನ ಸೋದರಮಾವ ವೀಳ್ಯದ ತಟ್ಟೆ ಹಿಡಿದು ಮುಂದೆ ಬಂದು, "ಬನ್ನಿ ಬನ್ನಿ, ಸೌಖ್ಯವಾ?" ಎಂದು ಕೇಳಿದರು. ನಾನು ಸುಂಯ್ ಎನ್ನುತ್ತಲೇ ತಲೆಯಾಡಿಸಿದೆ. ಎಲ್ಲಿಂದ ಬಂದಿರಿ, ಎಷ್ಟು ಹೊತ್ತಾಯಿತು, ಎಲ್ಲದಕ್ಕೂ ತಲೆಯಾಡಿಸಿದೆ. ಉಸಿರು ಮುಗಿದು ಎಳೆದುಕೊಳ್ಳಬೇಕಾದಾಗ ಸದ್ದು ನಿಲ್ಲುತ್ತದಲ್ಲ, ಆಗೆಲ್ಲ ದೊಡ್ಡ ಮಾವ ಬಗ್ಗಿ ಪಂಪನ್ನು ನಾಲ್ಕು ಸಲ ಒತ್ತುತ್ತಿದ್ದರು. "ಗಾಳಿ ಕಮ್ಮಿ ಆಯ್ತ್, ಹಳೇ ಲೈಟ್ ಅಲ್ದಾ" ಎಂದು ಎಲ್ಲರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಅವರು ಒತ್ತಿದ ಮೇಲೆ ನಾನು ಹೊಸ ಉತ್ಸಾಹದಿಂದ ಸುಂಯ್ ಎನ್ನುತ್ತಿದ್ದೆ. ಸೋದರಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ಲೈಟನ್ನು ನೋಡಿದರು. "ಅಬ್ಬಾ, ಎಂಥ ಬೆಳ್ಕ್ ಮಾರ್ರೆ. ಈಗಿನ ಎಲ್‌ಇಡಿ ಎಲ್ಲ ಇದ್ರ್ ಮುಂದೆ ಎಂತದೂ ಅಲ್ಲ" ಎಂದರು. ಎಲ್‌ಇಡಿ ಮಾರಿ ಹೊಟ್ಟೆ ಹೊರೆಯುವ ನಾನು, ಬಾಯಿಬಿಟ್ಟರೆ ಲೈಟು ಆರುತ್ತದೆಂದು, ಸುಂಯ್ ಎಂದು ಒಪ್ಪಿಕೊಂಡೆ.

ವೀಳ್ಯ ಕೊಟ್ಟರು, ಆರತಿ ಎತ್ತಿದರು, ಮದುಮಗನ ಕಾಲಿಗೆ ನೀರು ಹಾಕಿದರು. ನಾನು ಮೆಟ್ಟಿಲು ಹತ್ತಿದೆ. ಹತ್ತಿದ ಕೂಡಲೇ ದೊಡ್ಡ ಮಾವ ಕೀಲಿ ತಿರುಗಿಸುವ ನಾಟಕ ಮಾಡಿ, "ಇನ್ ಸಾಕ್, ಆರ್ಸುವ" ಎಂದರು. ನಾನು ನಿಧಾನವಾಗಿ, ಮರ್ಯಾದೆಯಿಂದ ಆರಿದೆ. ಮುಹೂರ್ತಕ್ಕೆ ಸರಿಯಾಗಿ ತಾಳಿ ಬಿತ್ತು.

ಊಟಕ್ಕೆ ಮೊದಲ ಎಲೆಗೆ ದೊಡ್ಡ ಮಾವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಪಾಯಸ ಬಡಿಸುವ ಹೊತ್ತಿಗೆ ನಾನು ಮೆಲ್ಲಗೆ, ಲೈಟನ್ನು ಸರಿಯಾಗಿ ಮಾಡಲಾಗಲಿಲ್ಲ, ನನ್ನದು ತಪ್ಪಾಯಿತು, ಅವತ್ತಿನದೂ ತಪ್ಪಾಯಿತು ಎಂದೆ. ಅವರು ಪಾಯಸ ಸುರಿದು ಮುಗಿಸಿ ಕೈ ನೆಕ್ಕಿಕೊಂಡು, "ಹಗ್ಲ್ ದಿಬ್ಬಣಕ್ಕೆ ಯಾರ್ ಲೈಟ್ ಹೊತ್ಸ್ತ್ರ್?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ಎಣ್ಣಿ ಸಿಕ್ತಿರ್ಲಿಲ್ಲೆ ಮಾರಾಯ್ರೆ. ಮ್ಯಾಂಟಲ್ ಒಂದ್ ಒಡ್ದ್ರೆ ಉಡುಪಿಯಿಂದ ತರ್ಕ್. ಬೆಳ್ಕ್ ಹ್ಯಾಂಗೂ ಕಾಂಬುದಿಲ್ಲೆ. ನಾನ್ ಹಗ್ಲ್ ಮದಿಗೆ ಒಂದ್ ಸಲಕೂ ಹೊತ್ಸಲಿಲ್ಲೆ. ಸುಂಯ್ ಎಲ್ಲ ಬಾಯಂಗೇ."

ಆರಿದರೆ ದಿಬ್ಬಣ ವಾಪಸು ಹೋಗಬೇಕು ಎಂಬ ಶಾಸ್ತ್ರ ಹಾಗಾದರೆ ಎಲ್ಲಿಯದು ಎಂದು ಕೇಳಿದೆ.

"ಅದ್ ನಾನೇ ಮಾಡದ್ದ್. ಇಲ್ದಿದ್ರೆ ಮೊದಲ್ನೇ ಎಲೆ ಕೊಡ್ತಿದ್ರಾ?" ಎಂದರು. ಮತ್ತೆ ಈಗ ಮಾತ್ರ ನಿಜವಾದ ಲೈಟೇ ಬೇಕೆಂದು ಹಟ ಮಾಡಿದ್ದು ಯಾಕೆ ಎಂದರೆ, ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಒಮ್ಮೆ ಎತ್ತಿ ತೋರಿಸಿ, "ಇದ್ರಂಗೆ ಬತ್ತಿಲ್ಲೆ. ನೀವೇ ಕೇಂಡ್ರಿಯಲೆ" ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, "ನಿಮ್ದ್ ಸುಂಯ್ ಒಳ್ಳೇದಿತ್ತ್. ನಂದಕ್ಕಿಂತ ಹದ" ಎಂದು ಹೇಳಿದರು. ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಯಾರೂ ನನ್ನ ಬೆಳಕನ್ನು ಇಷ್ಟು ಹೊಗಳಿರಲಿಲ್ಲ.

ಲೈಟು ಈಗ ನಮ್ಮ ಮನೆಯಲ್ಲೇ ಇದೆ. ಅದನ್ನು ದೊಡ್ಡ ಮಾವ ನನಗೆ ವಹಿಸಿಕೊಟ್ಟಿದ್ದಾರೆ. ಸರಿ ಮಾಡುವ ಗೋಜಿಗೆ ಹೋಗಬೇಡಿ ಎಂದೂ ಹೇಳಿದ್ದಾರೆ. ಅವರು ವಾರಕ್ಕೊಮ್ಮೆ ಫೋನು ಮಾಡುತ್ತಾರೆ, ಸುಮತಿಗಲ್ಲ, ನನಗೆ. ಫೋನಿನಲ್ಲೇ ಸುಂಯ್ ಅನ್ನಿಸಿ ಕೇಳುತ್ತಾರೆ. ಸುಮತಿಗೆ ಈಗ ಆಡಲು ಮಾತೇ ಇಲ್ಲದಂತಾಗಿದೆ, ಅದನ್ನು ಅವಳು ದಿನವಿಡೀ ಹೇಳುತ್ತಿರುತ್ತಾಳೆ. ಮನೆತನದ ಇನ್ನೊಂದು ಹಗಲು ಮದುವೆ ಬೈಂದೂರಿನಲ್ಲಿ ನಿಶ್ಚಯವಾಗಿದೆ, ಬರುವ ಮೇ ತಿಂಗಳಲ್ಲಿ. ನನ್ನ ಮೇಲಿನ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ, ರಾತ್ರಿಯೆಲ್ಲ ನೋವು. ಕೂಡಲೇ ಕೀಳಿಸಬೇಕು ಎಂದು ಹಲ್ಲಿನ ಡಾಕ್ಟರು ಹೇಳಿದ್ದಾರೆ. ದಿಬ್ಬಣ ಮುಗಿಯುವವರೆಗೆ ಆಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ.